ಶಿರಹಟ್ಟಿಯಿಂದ ಎರಡು ಬೆಲ್ಲು

ಆಪರೇಟರ್ ನನಗೆ ಆ ಮಾತು ಹೇಳಿದ್ದರೋ ಇಲ್ಲವೋ, ಇವತ್ತಿಗೂ ಖಾತ್ರಿಯಿಲ್ಲ. ಹೇಳಿದ್ದರು ಎಂದು ಒಮ್ಮೊಮ್ಮೆ ಅನಿಸುತ್ತದೆ. ಅವರು ಕುರ್ಚಿಯಲ್ಲಿ ಅರ್ಧ ತಿರುಗಿ, ಎಡಗಿವಿಯ ಮೇಲಿನ ಹೆಡ್‌ಫೋನನ್ನು ಹಿಂದಕ್ಕೆ ಸರಿಸಿ, ಎರಡು ಬೆರಳು ಎತ್ತಿ ತೋರಿಸಿದ ಚಿತ್ರ ಕಣ್ಣ ಮುಂದಿದೆ. ಆದರೆ ಆ ಚಿತ್ರದಲ್ಲಿ ಅವರ ಹಿಂದಿನ ಗೋಡೆ ಹಸಿರಾಗಿದೆ. ಆ ಗೋಡೆಗೆ ಹಸಿರು ಬಣ್ಣ ಹೊಡೆದದ್ದು ನಾನು ಆಸ್ಪತ್ರೆಯ ಹಳೆಯ ಟೆಲಿಫೋನ್ ಬೋರ್ಡನ್ನು ಕಿತ್ತು, ಅವರನ್ನು ಆ ಕುರ್ಚಿಯಿಂದ ಎಬ್ಬಿಸಿದ ಮೇಲೆ. ಅಂದರೆ ಚಿತ್ರವೇ ಸುಳ್ಳಿರಬೇಕು. ಇಲ್ಲವೇ ಚಿತ್ರ ನಿಜ, ಬಣ್ಣವನ್ನಷ್ಟೇ ನಾನು ಆಮೇಲೆ ಹಚ್ಚಿಕೊಂಡಿರಬೇಕು. ಆ ವರ್ಷದ ನೋಟ್‌ಬುಕ್ ನನ್ನಲ್ಲಿದೆ. ಅದರಲ್ಲಿ ಈ ಬಗ್ಗೆ ಒಂದು ಅಕ್ಷರವಿಲ್ಲ. ಶಿರಹಟ್ಟಿಯ ಒಬ್ಬ ನರ್ಸಿನ ನೌಕರಿ ಈ ಒಂದು ಮಾತಿನ ಮೇಲೆ ನಿಲ್ಲುವುದಿತ್ತು ಎಂದು ಗೊತ್ತಿದ್ದರೆ ಬರೆದುಕೊಳ್ಳುತ್ತಿದ್ದೆನೇನೋ. ಅದೂ ಖಾತ್ರಿಯಿಲ್ಲ.

ಕೆಲಸ ಇದ್ದದ್ದು ಬೆಟಗೇರಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಅದಕ್ಕೆ ಒಂದೊಂದು ಸಣ್ಣ ಕೇಂದ್ರವಿತ್ತು. ಪ್ರತಿ ಕೇಂದ್ರದಲ್ಲಿ ಒಬ್ಬ ನರ್ಸು, ಒಬ್ಬ ಆಯಾ, ಒಂದು ಜೀಪು. ಹೆರಿಗೆ ಕಠಿಣವಾದರೆ ಜೀಪಿನಲ್ಲಿ ಹಾಕಿಕೊಂಡು ಬೆಟಗೇರಿಗೆ ಕಳಿಸುವುದು ಪದ್ಧತಿ. ಗದಗ ಜಿಲ್ಲೆಯಾಗಿ ವರ್ಷಗಳೇ ಕಳೆದಿದ್ದರೂ ಆಸ್ಪತ್ರೆಯ ಟೆಲಿಫೋನ್ ರಜಿಸ್ಟರಿನ ರಟ್ಟಿನ ಮೇಲೆ ‘ಜಿ. ಧಾರವಾಡ’ ಎಂದೇ ಇತ್ತು. ಯಾರೋ ನೀಲಿ ಪೆನ್ನಿನಿಂದ ಧಾರವಾಡಕ್ಕೆ ಒಂದು ಗೀಟು ಎಳೆದು ಬಿಟ್ಟಿದ್ದರು. ಮೇಲೆ ಗದಗ ಎಂದು ಬರೆದಿರಲಿಲ್ಲ.

ಟೆಲಿಫೋನ್ ಬೋರ್ಡು ಇಪ್ಪತ್ತು ವರ್ಷ ಹಳೆಯದು. ಅದರೊಳಗಿನ ಕಾರ್ಡುಗಳು ಕೆಟ್ಟರೆ ಹೊಸವು ಸಿಗುವುದು ನಿಂತಿತ್ತು. ಒಳಗೆ ನಲವತ್ತು ಫೋನು, ಹೊರಗಿನಿಂದ ನಾಲ್ಕು ತಾಮ್ರದ ಲೈನು. ಅದನ್ನು ತೆಗೆದು ಇಂಟರ್‌ನೆಟ್ ಮೇಲೆ ನಡೆಯುವ ಫೋನು ಹಾಕಬೇಕು, ಮೂರೂ ಕೇಂದ್ರಗಳನ್ನು ಅದಕ್ಕೇ ಜೋಡಿಸಬೇಕು. ಮೂರಂಕಿ ಒತ್ತಿದರೆ ಮುಂಡರಗಿಯ ನರ್ಸು ಬೆಟಗೇರಿಯ ಡಾಕ್ಟರಿಗೆ ಸಿಗಬೇಕು. ನಾನು ದುಡಿಯುತ್ತಿದ್ದ ಸಣ್ಣ ಕಂಪನಿ ಈ ಕೆಲಸ ಹಿಡಿದಿತ್ತು. ಕಂಪನಿಯೆಂದರೆ ನಾನು ಮತ್ತು ಹುಬ್ಬಳ್ಳಿಯಲ್ಲಿ ಕೂತ ಮಾಲೀಕರು. ಮಲ್ಲಸಮುದ್ರದ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದೆ.

ಮೊದಲ ವಾರ ಸರ್ವೆ. ನನ್ನ ವಿಧಾನದ ಬಗ್ಗೆ ನನಗೆ ಹೆಮ್ಮೆಯಿತ್ತು. ಜನರನ್ನು ಕೇಳಿದರೆ ಅವರಿಗೆ ನೆನಪಿದ್ದದ್ದನ್ನು ಹೇಳುತ್ತಾರೆ, ಅವರಿಗೆ ನೆನಪಿರುವುದು ಮೊನ್ನೆಯ ಜಗಳ ಮಾತ್ರ. ಹಾಗಾಗಿ ನಾನು ದಾಖಲೆ ನೋಡಿದೆ. ನಾಲ್ಕೂ ಲೈನುಗಳ ಮೂರು ತಿಂಗಳ ಕರೆಗಳ ವಿವರ ತರಿಸಿಕೊಂಡೆ, ಬೋರ್ಡಿನ ಪ್ರಿಂಟರಿನ ಸುರುಳಿಗಳನ್ನು ಬಿಚ್ಚಿದೆ. ಯಾವ ಲೈನಿಗೆ ಎಷ್ಟು ಕರೆ, ಎಷ್ಟು ನಿಮಿಷ, ಯಾವ ಹೊತ್ತಿಗೆ ದಟ್ಟಣೆ, ಎಲ್ಲ ಕೋಷ್ಟಕವಾಯಿತು. ಮೂರನೆಯ ಲೈನು ಹೆಚ್ಚುಕಡಿಮೆ ಖಾಲಿ ಕೂತಿದೆ ಎಂದು ಕಂಡಿತು. ತಿಂಗಳಿಗೆ ಹತ್ತು ಕರೆಯೂ ಇಲ್ಲ. ಅದನ್ನು ವಾಪಸು ಮಾಡಬಹುದು ಎಂದು ವರದಿಯಲ್ಲಿ ಬರೆದೆ.

ಆಪರೇಟರಿಗೆ ಐವತ್ತರ ಮೇಲೆ ವಯಸ್ಸು. ಬೆಟಗೇರಿಯ ನೇಕಾರ ಮನೆತನ. ಮಗ್ಗ ಬಿಟ್ಟು ಬೋರ್ಡಿಗೆ ಬಂದವರು. ಆಸ್ಪತ್ರೆಯವರೆಲ್ಲ ಚಾಚಾ ಎನ್ನುತ್ತಿದ್ದರು. ಮೂರನೆಯ ಲೈನು ತೆಗೆಯುತ್ತಾರೆ ಎಂದು ಕೇಳಿ ಅವರು ನನ್ನ ಹತ್ತಿರ ಬಂದದ್ದು ನಿಜ. ಅದಕ್ಕೆ ನೋಟ್‌ಬುಕ್ಕಿನ ಸಾಕ್ಷಿ ಇದೆ: ‘ಆಪರೇಟರ್ ಆಕ್ಷೇಪ, ಲೈನು 3 ಇಟ್ಟುಕೊಳ್ಳುವುದು.’ ಏಕೆ ಎಂದು ಬರೆದಿಲ್ಲ. ಅವರು ಅಂದದ್ದರಲ್ಲಿ ನನಗೆ ನೆನಪಿರುವುದು ಇಷ್ಟೇ:

“ಅದು ಶಿರಹಟ್ಟಿ ಲೈನ್ರಿ. ಅದನ್ನ ಮುಟ್ಟಬ್ಯಾಡ್ರಿ.”

“ಅದರಾಗ ಕಾಲ್ ಬರೂದs ಇಲ್ಲಲ್ರಿ ಚಾಚಾ.”

“ಬರತಾವ್ರಿ. ನಿಮ್ಮ ಕಾಗದಕ್ಕ ಬರೂದಿಲ್ಲ ಅಷ್ಟ.”

ಇದರ ಮುಂದೆ ಅವರು ಎರಡು ಬೆರಳು ಎತ್ತಿದರೋ, ಅಥವಾ ಇಲ್ಲೇ ಯಾರೋ ಕರೆದು ಅವರು ತಿರುಗಿದರೋ. ನನಗೆ ಲೈನು ಉಳಿಸಿಕೊಳ್ಳುವುದರಿಂದ ನಷ್ಟವಿರಲಿಲ್ಲ. ಉಳಿಸಿಕೊಂಡೆ.

ಎರಡನೆಯ ವಾರದಿಂದ ತಂತಿ ಎಳೆಯುವ ಕೆಲಸ. ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ನಲವತ್ತು ಜೋಡಿ ತಂತಿ ಬಂದು ಸೇರುತ್ತಿದ್ದವು. ಹಚ್ಚಿದ ಚೀಟಿಗಳಲ್ಲಿ ಅರ್ಧ ತಪ್ಪು. ‘ಎಕ್ಸರೇ’ ಎಂದು ಬರೆದ ಜೋಡಿ ಅಡುಗೆಮನೆಗೆ ಹೋಗುತ್ತಿತ್ತು. ಒಂದು ತುದಿಗೆ ಸದ್ದು ಮಾಡುವ ಯಂತ್ರ ಕಟ್ಟಿ, ಇನ್ನೊಂದು ತುದಿಯಲ್ಲಿ ಆ ಸದ್ದನ್ನು ಹುಡುಕುತ್ತ, ವಾರ್ಡಿನಿಂದ ವಾರ್ಡಿಗೆ ಅಲೆದೆ. ಬಾಣಂತಿಯರ ಮಂಚದ ಕೆಳಗೆ ಮೊಣಕಾಲೂರಿದಾಗ ಅವರ ತಾಯಂದಿರು ಬೈದರು. ನಾಲ್ಕು ದಿನ ಹಿಡಿಯಿತು.

ಕೇಂದ್ರಗಳು ಒಂದೊಂದು ಒಂದೊಂದು ಥರ ಕಾಡಿದವು. ಮುಂಡರಗಿಯಲ್ಲಿ ಇಂಟರ್‌ನೆಟ್ ಬರುತ್ತಿದ್ದ ಕಂಬದ ಜೋಡಣೆಗೆ ತುಕ್ಕು ಹಿಡಿದು, ಮಾತು ಬಿಟ್ಟು ಬಿಟ್ಟು ಕೇಳುತ್ತಿತ್ತು. ಲೈನ್‌ಮನ್ ಬರುವ ತನಕ ಮೂರು ದಿನ ಕಾದೆ. ಲಕ್ಷ್ಮೇಶ್ವರದಲ್ಲಿ ಫೋನು ಹತ್ತುತ್ತಿತ್ತು, ನರ್ಸಿನ ಮಾತು ಬೆಟಗೇರಿಗೆ ಕೇಳುತ್ತಿತ್ತು, ಬೆಟಗೇರಿಯ ಮಾತು ಅಲ್ಲಿಗೆ ಕೇಳುತ್ತಿರಲಿಲ್ಲ. ಅಲ್ಲಿನ ನರ್ಸು ರಿಸೀವರನ್ನು ನನ್ನ ಕೈಗೆ ಕೊಟ್ಟು ಹೇಳಿದಳು:

“ತಗೋರಿ ಸರ್. ನಿಮ್ಮ ಫೋನಿನ್ಯಾಗ ನಮ್ಮ ಡಾಕ್ಟರ್ ಮೂಕ ಆಗ್ಯಾರ. ಹಿಂಗs ಇರಲಿ ಬಿಡ್ರಿ, ಬೈಗಳ ಕೇಳೂದು ತಪ್ಪತೈತಿ.”

ರೂಟರಿನ ಒಂದು ಸೆಟ್ಟಿಂಗ್ ಧ್ವನಿಯ ದಾರಿಯನ್ನು ಒಳಗೆ ಬಿಡುತ್ತಿರಲಿಲ್ಲ. ಅದನ್ನು ಕಂಡುಹಿಡಿಯಲು ಎರಡು ದಿನ ಬೇಕಾಯಿತು, ಸರಿಪಡಿಸಲು ಎರಡು ನಿಮಿಷ.

ಶಿರಹಟ್ಟಿಯ ತೊಂದರೆ ಕರೆಂಟು. ಹಳೆಯ ಫೋನಿಗೆ ಬೇಕಾದ ವಿದ್ಯುತ್ತು ಟೆಲಿಫೋನ್ ಕಚೇರಿಯಿಂದಲೇ ತಾಮ್ರದ ತಂತಿಯಲ್ಲಿ ಬರುತ್ತದೆ. ಊರಿಗೆ ಊರೇ ಕತ್ತಲಾದರೂ ಅದು ಸಾಯುವುದಿಲ್ಲ. ಹೊಸ ಫೋನಿಗೆ ಗೋಡೆಯ ಪ್ಲಗ್ಗೇ ಗತಿ. ಬ್ಯಾಟರಿ ಕೊಟ್ಟೆ, ಅದು ಒಂದು ತಾಸು ತಾಳುತ್ತಿತ್ತು. ಶಿರಹಟ್ಟಿಯಲ್ಲಿ ಆಗ ಮಧ್ಯಾಹ್ನ ಮೂರು ತಾಸು ಕರೆಂಟು ತೆಗೆಯುತ್ತಿದ್ದರು. ಹಾಗಾಗಿ ಒಂದು ಉಪಾಯ ಮಾಡಿದೆ. ಕೇಂದ್ರದ ಹಳೆಯ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಹಾಗೆಯೇ ಬಿಟ್ಟೆ. ಬೆಟಗೇರಿಯಲ್ಲಿ ನಾಲ್ಕು ಹಳೆಯ ಲೈನುಗಳನ್ನು ಗೇಟ್‌ವೇ ಎಂಬ ಒಂದು ಡಬ್ಬಿಗೆ ಚುಚ್ಚಿದೆ. ತಾಮ್ರದ ಮೇಲೆ ಬಂದ ಕರೆಯನ್ನು ಅದು ಹೊಸ ವ್ಯವಸ್ಥೆಗೆ ದಾಟಿಸುತ್ತದೆ. ಹಳೆಯ ನಂಬರುಗಳು ಹಾಗೇ ಉಳಿದವು. ಹೊರಗಿನವರಿಗೆ ಬದಲಾವಣೆ ಗೊತ್ತೇ ಆಗದಂತೆ ಬದಲಾಯಿಸುವುದು ನಮ್ಮ ಕಸುಬಿನಲ್ಲಿ ಜಾಣತನ.

ಶಿರಹಟ್ಟಿಯ ನರ್ಸು ಅಂತೂರ ಬೆಂತೂರದವರು. ಹನ್ನೊಂದು ವರ್ಷದಿಂದ ಆ ಕೇಂದ್ರದಲ್ಲಿದ್ದರು, ವರ್ಷ ವರ್ಷ ಕರಾರು ಮುಂದುವರಿಸುವ ನೌಕರಿ. ಊರವರು ಅಕ್ಕಾರು ಎನ್ನುತ್ತಿದ್ದರು. ಹೊಸ ಫೋನಿನಲ್ಲಿ ಮೂರಂಕಿ ಒತ್ತುವುದನ್ನು ಒಂದೇ ಸಲಕ್ಕೆ ಕಲಿತರು. ಕರೆಂಟು ಹೋದರೆ ಹೇಗೆ ಎಂದು ಕೇಳಿದರು. ಹಳೆಯ ಫೋನು ಮೊದಲಿನಂತೆಯೇ ಇದೆ, ಮೊದಲು ಹೇಗೆ ಮಾಡುತ್ತಿದ್ದಿರೋ ಹಾಗೆಯೇ ಮಾಡಿ ಎಂದೆ. ಇದನ್ನು ಹೇಳಿದ್ದು ಖಂಡಿತ. ಇದನ್ನು ಮರೆಯುವ ಅವಕಾಶ ನನಗೆ ಸಿಗಲಿಲ್ಲ.

ಒಂದು ಭಾನುವಾರ ಹಳೆಯ ಬೋರ್ಡಿನ ಸ್ವಿಚ್ಚು ಆರಿಸಿದೆ. ಅದರ ಫ್ಯಾನು ನಿಲ್ಲುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು. ಹೊರಗಿನ ಕರೆಗಳನ್ನು ಇನ್ನು ರೆಕಾರ್ಡು ಮಾಡಿದ ಹೆಣ್ಣುದನಿ ಎತ್ತಿಕೊಂಡು, ವಾರ್ಡಿಗೆ ಒಂದು ಒತ್ತಿ, ಔಷಧದಂಗಡಿಗೆ ಎರಡು ಒತ್ತಿ ಎಂದು ಹೇಳುತ್ತಿತ್ತು. ಆಪರೇಟರನ್ನು ರೆಕಾರ್ಡು ಕೋಣೆಗೆ ಹಾಕಿದರು. ಅವರು ಹೆಡ್‌ಫೋನಿನ ತಂತಿ ಸುತ್ತಿ ನನ್ನ ಕೈಗೆ ಕೊಟ್ಟರು. ಏನೋ ಹೇಳಿದರು. ಅದೂ ನೆನಪಿಲ್ಲ.

ಒಂಬತ್ತು ದಿನ ಎಲ್ಲ ಸರಿಯಿತ್ತು.

ಹತ್ತನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ನಾನು ಅಂಗಳದಲ್ಲಿ ಸಾಮಾನು ಕಟ್ಟುತ್ತಿದ್ದೆ. ಶಿರಹಟ್ಟಿಯ ಜೀಪು ಒಳಗೆ ಬಂತು. ಹೆರಿಗೆ ಕಠಿಣವಾದ ಒಬ್ಬ ಹೆಣ್ಣುಮಗಳನ್ನು ಇಳಿಸಿಕೊಂಡರು. ಹಿಂದೆ ಅವಳ ಅಣ್ಣ, ಅತ್ತೆ. ಬಾಗಿಲಲ್ಲಿ ಯಾರೂ ಕಾಯುತ್ತಿರಲಿಲ್ಲ. ಆಪರೇಶನ್ ಕೋಣೆಗೆ ಬೀಗ. ಅರಿವಳಿಕೆ ಕೊಡುವ ಡಾಕ್ಟರು ಎರಡು ಗಂಟೆಗೆ ಬೇರೆ ಆಸ್ಪತ್ರೆಗೆ ಹೋಗುತ್ತಿದ್ದರು. ತಡೆಯಿರಿ ಎಂದು ಹೇಳಿದ ದಿನ ಮಾತ್ರ ತಡೆಯುತ್ತಿದ್ದರು. ಅವರನ್ನು ಹುಡುಕಿ ಕರೆತರಲು, ಕೋಣೆ ಅಣಿ ಮಾಡಲು ಮುಕ್ಕಾಲು ತಾಸು ಹೋಯಿತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ತಡವಾಗದಿದ್ದರೆ ಉಳಿಯುತ್ತಿತ್ತೇ ಎಂದು ಆಮೇಲೆ ಕೇಳಿದಾಗ ಡಾಕ್ಟರು, ಹೇಳಲಿಕ್ಕೆ ಬರುವುದಿಲ್ಲ ಎಂದರು. ನನಗೆ ಆ ಹೊತ್ತು ಏನೂ ಅನಿಸಲಿಲ್ಲ. ಸಾಮಾನು ಕಟ್ಟಿ ಮುಗಿಸಿದೆ. ಸಂಜೆ ಖಾನಾವಳಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡೆ ಎಂಬುದು ನೆನಪಿದೆ. ಇದು ನಿಜವೇ ಇರಬೇಕು, ಇಂಥದ್ದನ್ನು ಯಾರೂ ಕಟ್ಟಿಕೊಳ್ಳುವುದಿಲ್ಲ.

ಮರುದಿನ ಆಸ್ಪತ್ರೆಯ ಸೆಕ್ರೆಟರಿಯವರ ಕೋಣೆಯಲ್ಲಿ ವಿಚಾರಣೆ. ಸೆಕ್ರೆಟರಿ ಹಳೆಯ ಕಾಲದ ಶಿಸ್ತಿನ ಮನುಷ್ಯ, ತಂದೆಯ ಕಾಲದಿಂದ ಕಚೇರಿ ಕೆಲಸದ ಮನೆತನ. ಮೇಜಿನ ಒಂದು ಬದಿಗೆ ಶಿರಹಟ್ಟಿಯ ನರ್ಸು ನಿಂತಿದ್ದರು. ಇನ್ನೊಂದು ಬದಿಗೆ ಹೆಣ್ಣುಮಗಳ ಅಣ್ಣ. ಕರೆಗಳ ದಾಖಲೆ ತರಲು ನನಗೆ ಹೇಳಿದ್ದರು. ಎರಡು ಹಾಳೆ ಪ್ರಿಂಟು ತೆಗೆದುಕೊಂಡು ಹೋಗಿದ್ದೆ.

ಅಣ್ಣ ಕೂಗಾಡಲಿಲ್ಲ. ಕಂಡದ್ದನ್ನು ಹೇಳಿದ. ಕರೆಂಟು ಇರಲಿಲ್ಲ, ಜೀಪು ಚಾಲೂ ಇತ್ತು, ನರ್ಸು ಕಿಟಕಿಯ ಹತ್ತಿರ ಹೋದರು.

“ಅಕ್ಕಾರು ಫೋನ್ ಎತ್ತಿದ್ರು, ನಂಬರ್ ಒತ್ತಿದ್ರು, ಇಟ್ಟಬಿಟ್ರು. ಒಂದ ಮಾತ ಆಡಲಿಲ್ರಿ. ನಾ ಬಾಗಲದಾಗ ನಿಂತ ನೋಡೇನಿ.”

ಸೆಕ್ರೆಟರಿ ನರ್ಸಿನ ಕಡೆ ನೋಡಿದರು. ನರ್ಸು ಹೌದು ಎಂದರು.

“ಬೆಲ್ ಕೊಟ್ಟೇನ್ರಿ. ಎರಡ ಬೆಲ್ ಕೊಟ್ಟ ಇಟ್ಟೇನಿ. ಯಾವಾಗ್ಲೂ ಕೊಡೂದು ಹಂಗs.”

“ಬೆಲ್ ಕೊಡೋದಂದ್ರೇನು? ಮಾತಾಡ್ಲಿಕ್ಕೆ ಬಾಯಿ ಇದ್ದಿಲ್ಲೇನು?”

“ಮೊದಲಿನಂಗs ಮಾಡ್ರಿ ಅಂತ ಇವ್ರs ಹೇಳಿದ್ರು,” ಎಂದು ನರ್ಸು ನನ್ನತ್ತ ತಿರುಗಿದರು. ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಅದನ್ನು ಈಗ ಹೇಳಿಬಿಡುತ್ತೇನೆ ಎಂಬ ಭರವಸೆಯಿತ್ತು.

ಸೆಕ್ರೆಟರಿ ಹಾಳೆಗಳನ್ನು ಎಳೆದುಕೊಂಡರು. ಆ ಮಧ್ಯಾಹ್ನ ಒಂದರಿಂದ ಮೂರರ ನಡುವೆ ಶಿರಹಟ್ಟಿಯಿಂದ ಯಾವ ಕರೆಯೂ ಇರಲಿಲ್ಲ. ಎತ್ತಿದ್ದೂ ಇಲ್ಲ, ಎತ್ತದೆ ಬಿಟ್ಟದ್ದೂ ಇಲ್ಲ. ಮೂರನೆಯ ಲೈನಿನ ಕಾಲಮ್ಮು ಪೂರ್ತಿ ಖಾಲಿ.

“ಎತ್ತದೇ ಇದ್ದ ಕಾಲೂ ಇದರಾಗ ಬರ್ತದೇನು?”

“ಬರ್ತದ್ರಿ.”

“ಹಂಗಾದ್ರ ಇವ್ರು ಬೆಲ್ ಕೊಟ್ಟಿದ್ರ?”

“ಕೊಟ್ಟಿದ್ರ ಇದರಾಗ ಇರತಿತ್ತು,” ಎಂದೆ.

ಈ ವಾಕ್ಯವನ್ನು ನಾನು ಆಡಿದೆ. ಸೆಕ್ರೆಟರಿ ಅದನ್ನು ಹಾಗೆಯೇ ಬರೆದುಕೊಂಡು ನನ್ನ ಸಹಿ ಹಾಕಿಸಿಕೊಂಡರು. ಶನಿವಾರ ಆಡಳಿತ ಸಮಿತಿ ಕೂಡುವುದಿತ್ತು. ಅಲ್ಲಿಯ ತನಕ ನರ್ಸು ಕೆಲಸಕ್ಕೆ ಬರಬಾರದು. ಸಮಿತಿ ಕರಾರು ರದ್ದು ಮಾಡುತ್ತದೆ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಹನ್ನೊಂದು ವರ್ಷದ ಮೇಲೆ ಇಂಥ ಮಾತು ಹೊತ್ತುಕೊಂಡು ಹೋದವರನ್ನು ಬೇರೆ ಯಾವ ಆಸ್ಪತ್ರೆಯೂ ಕರೆಯುವುದಿಲ್ಲ. ನರ್ಸು ಸೆರಗು ಸರಿಪಡಿಸಿಕೊಂಡು ಹೊರಗೆ ಹೋಗಿ, ಹೆಣ್ಣುಮಗಳು ಮಲಗಿದ್ದ ವಾರ್ಡಿನ ಕಡೆ ಹೋದರು. ಅತ್ತೆ ಬಾಗಿಲಲ್ಲೇ ತಡೆದಳು ಎಂದು ಆಯಾ ಹೇಳಿದಳು.

ಅವತ್ತು ಬುಧವಾರ. ಗುರುವಾರ ನಾನು ವೈರಿಂಗ್ ನಕ್ಷೆಯನ್ನು ಒಪ್ಪಿಸಲು ರೆಕಾರ್ಡು ಕೋಣೆಗೆ ಹೋದೆ. ಆಪರೇಟರ್ ಹಳೆಯ ಕೇಸ್‌ಪೇಪರುಗಳನ್ನು ವರ್ಷವಾರು ಕಟ್ಟುತ್ತಿದ್ದರು. ನರ್ಸಿನ ವಿಷಯ ಅವರಿಗೆ ಮುಟ್ಟಿತ್ತು. ನಕ್ಷೆ ತೆಗೆದುಕೊಂಡು, ಕುಂಡ್ರಿ ಎಂದರು. ಆಮೇಲೆ ತಾವಾಗಿ ಹೇಳಲು ತೊಡಗಿದರು.

ಮೊದಲೆಲ್ಲ ಶಿರಹಟ್ಟಿ, ಮುಂಡರಗಿ ಲೈನುಗಳಲ್ಲಿ ಮಾತು ಕೇಳುತ್ತಲೇ ಇರಲಿಲ್ಲವಂತೆ. ಬರೀ ಗೊರಗೊರ. ಆದರೆ ಬೆಲ್ಲು ಮಾತ್ರ ತಪ್ಪದೆ ಬರುತ್ತಿತ್ತು. ಹಾಗಾಗಿ ಬೆಲ್ಲನ್ನೇ ಮಾತು ಮಾಡಿಕೊಂಡರು. ಎರಡನೆಯ ಲೈನು ಲಕ್ಷ್ಮೇಶ್ವರಕ್ಕೆ, ಮೂರನೆಯದು ಶಿರಹಟ್ಟಿಗೆ, ನಾಲ್ಕನೆಯದು ಮುಂಡರಗಿಗೆ. ಆ ನಂಬರುಗಳನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಬೋರ್ಡಿನ ಮೇಲೆ ಮೂರನೆಯ ದೀಪ ಎರಡು ಸಲ ಮಿನುಗಿ ನಿಂತಿತೋ, ಶಿರಹಟ್ಟಿಯಿಂದ ಜೀಪು ಬಿಟ್ಟಿತು ಎಂದು. ಆಪರೇಟರ್ ಕೂಡಲೇ ಅರಿವಳಿಕೆಯ ಡಾಕ್ಟರಿಗೆ ತಡೆಯಲು ಹೇಳಿ, ಆಪರೇಶನ್ ಕೋಣೆ ತೆಗೆಸುತ್ತಿದ್ದರು. ಡಾಕ್ಟರುಗಳಿಗೆ, ಸೆಕ್ರೆಟರಿಗೆ ಆಪರೇಟರ್ ಮಾಡುವ ಫೋನು ಮಾತ್ರ ಗೊತ್ತು. ಅವರಿಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಯಾರೂ ಕೇಳಿರಲಿಲ್ಲ. ಲಕ್ಷ್ಮೇಶ್ವರಕ್ಕೂ ಮುಂಡರಗಿಗೂ ಹೊಸ ನರ್ಸುಗಳು ಬಂದ ಮೇಲೆ ಅವರು ಮಾತಾಡುವುದನ್ನೇ ರೂಢಿ ಮಾಡಿಕೊಂಡರು. ಶಿರಹಟ್ಟಿಯವರು ಹಳಬರು. ಬಿಡಲಿಲ್ಲ.

ಇದನ್ನೆಲ್ಲ ನನಗೆ ಮೊದಲೇ ಹೇಳಿದ್ದಿರೇ ಎಂದು ಕೇಳಿದೆ.

“ಹೇಳಿದ್ನೋ ಇಲ್ಲೋ, ನನಗೂ ನೆನಪಿಲ್ರಿ. ಹೇಳೂ ಮಾತಲ್ಲ ಅದು. ಉಸರಾಡಾಕತ್ತೇನಿ ಅಂತ ಯಾರರ ಹೇಳ್ತಾರೇನ್ರಿ?” ಎಂದರು. ದಾರ ಗಂಟು ಹಾಕಿ, ಹಲ್ಲಿನಿಂದ ಕಡಿದರು. “ಒಂದ ಮಾತ ಕೇಳ್ತೇನಿ. ನಿಮ್ಮ ಡಬ್ಬಿಗೆ ಎಷ್ಟ ಬೆಲ್ಲಿಗೆ ಎಚ್ಚರ ಆಗತೈತಿ?”

ಕೂಡಲೇ ಆಗುತ್ತದೆ ಎನ್ನಲು ಬಾಯಿ ತೆರೆದೆ. ಆದರೆ ನನಗೆ ಗೊತ್ತಿರಲಿಲ್ಲ. ದಾಖಲೆಯಲ್ಲಿ ಇರುವುದನ್ನೆಲ್ಲ ಪರೀಕ್ಷಿಸಿದ್ದೆ. ದಾಖಲೆಗೆ ಬರದಿರುವುದನ್ನು ಪರೀಕ್ಷಿಸುವುದು ಹೇಗೆ ಎಂದು ಯೋಚಿಸಿರಲಿಲ್ಲ.

“ನೋಡಬೇಕ್ರಿ,” ಎಂದೆ.

“ನೋಡ್ರಿ ಹಂಗಾರ. ಆಕಿ ಕೊಟ್ಟಿರತಾಳ. ಹನ್ನೊಂದ ವರ್ಷ ಆಕಿ ಮಾರಿ ನೋಡಿಲ್ಲ ನಾ, ಬೆಲ್ ಕೇಳೇನಿ. ತಪ್ಪಿಲ್ಲ.”

ಆ ರಾತ್ರಿ ಹುಬ್ಬಳ್ಳಿಗೆ ಹೋಗಿಬಿಡುವ ಯೋಚನೆಯೂ ಬಂತು. ನನ್ನ ಕೆಲಸ ಮುಗಿದಿತ್ತು, ಸಹಿ ಹಾಕಿ ಆಗಿತ್ತು. ಡಬ್ಬಿಯಲ್ಲಿ ತಪ್ಪು ಸಿಕ್ಕರೆ ಮಾಲೀಕರಿಗೆ ಉತ್ತರ ಕೊಡಬೇಕು. ಒಂದು ಜಾಗದಲ್ಲಿ ಬಹಳ ದಿನ ನಿಲ್ಲುವ ಸ್ವಭಾವ ನನ್ನದಲ್ಲ. ಹೊರಡುವುದಕ್ಕೆ ನನಗೆ ಯಾವತ್ತೂ ಕಾರಣ ಬೇಕಾಗಿಲ್ಲ. ಹೋಗದೆ ಉಳಿದದ್ದಕ್ಕೆ ಕಾರಣ ಹೇಳಬೇಕೆಂದರೆ ನರ್ಸಿನ ಮುಖ ಎನ್ನಬಹುದು. ಆದರೆ ನಿಜವಾಗಿ ಆಪರೇಟರ್ ಕೇಳಿದ ಪ್ರಶ್ನೆಗೆ ಉತ್ತರ ಒಂದು ಅಂಕಿಯಾಗಿತ್ತು, ಆ ಅಂಕಿ ನನಗೆ ಗೊತ್ತಿರಲಿಲ್ಲ. ಅದು ಕೊರೆಯುತ್ತಿತ್ತು, ಅಷ್ಟೇ.

ಶುಕ್ರವಾರ ಬೆಳಗಿನ ಬಸ್ಸಿಗೆ ಶಿರಹಟ್ಟಿಗೆ ಹೋದೆ. ಕೇಂದ್ರದಲ್ಲಿ ಆಯಾ ಒಬ್ಬಳೇ ಇದ್ದಳು. ಆಪರೇಟರನ್ನು ಬೆಟಗೇರಿಯಲ್ಲಿ ಕರೆಗಳ ದಾಖಲೆ ಇಡುವ ಕಂಪ್ಯೂಟರಿನ, ಅಂದರೆ ಸರ್ವರಿನ, ಮುಂದೆ ಕೂರಿಸಿ ಬಂದಿದ್ದೆ. ಪರದೆಯ ಮೇಲೆ ಹೊಸ ಸಾಲು ಮೂಡಿದರೆ ನನ್ನ ಮೊಬೈಲಿಗೆ ತಿಳಿಸಬೇಕು. ಕಿಟಕಿಯ ಕಟ್ಟೆಯ ಹಳೆಯ ಫೋನೆತ್ತಿ ಮೂರನೆಯ ಲೈನಿಗೆ ಹಚ್ಚಿದೆ. ಎರಡು ಬೆಲ್ಲು. ಇಟ್ಟೆ. ಮೊಬೈಲು ಸುಮ್ಮನಿತ್ತು. ಐದು ನಿಮಿಷ ಬಿಟ್ಟು ಮತ್ತೆ ಎರಡು ಬೆಲ್ಲು. ಇಟ್ಟೆ. ಮೊಬೈಲು ಸುಮ್ಮನಿತ್ತು. ಹತ್ತು ಸಲ ಹೀಗೆ ಮಾಡಿದೆ. ನಡುವೆ ಆಪರೇಟರ್ ತಾವೇ ಫೋನು ಮಾಡಿ, ಮಾಡಾಕತ್ತೀರಿಲ್ಲೋ ಎಂದು ಕೇಳಿದರು. ಡಬ್ಬಿಯ ಮೂರನೆಯ ಹಸಿರು ದೀಪ ಎರಡೆರಡು ಸಲ ಮಿನುಗುತ್ತಿದೆ, ಪರದೆ ಮಾತ್ರ ಖಾಲಿ ಎಂದರು. ಹನ್ನೊಂದನೆಯ ಸಲ ಮೂರು ಬೆಲ್ಲು ಆಗುವ ತನಕ ಹಿಡಿದೆ. ಹೆಣ್ಣುದನಿ ಎತ್ತಿಕೊಂಡು ಸ್ವಾಗತ ಹೇಳಿತು. ಮೊಬೈಲು ಬಾರಿಸಿತು.

“ಈಗ ಬಂತ್ರಿ,” ಎಂದರು ಆಪರೇಟರ್. “ಒಂದs ಸಾಲ ಬಂತು.”

ಹೊರಗಿನ ಲೈನಿನಲ್ಲಿ ಕರೆ ಮಾಡಿದವರ ನಂಬರು ಬೆಲ್ಲಿನ ಜೊತೆಗೇ ಬರುತ್ತದೆ. ಅದನ್ನು ಓದಿಕೊಳ್ಳುವ ಸಲುವಾಗಿ ಡಬ್ಬಿ ಕೆಲವು ಬೆಲ್ಲು ಕಾದು, ಆಮೇಲಷ್ಟೇ ಒಂದು ಕರೆ ಬಂದಿದೆ ಎಂದು ಸರ್ವರ್ ಕಂಪ್ಯೂಟರಿಗೆ ತಿಳಿಸುತ್ತದೆ. ಎಷ್ಟು ಕಾಯಬೇಕು ಎಂಬುದಕ್ಕೆ ಒಂದು ಸೆಟ್ಟಿಂಗ್ ಇದೆ. ಬೆಟಗೇರಿಗೆ ಬಂದು ತೆಗೆದು ನೋಡಿದೆ. ಎರಡು ಎಂದಿತ್ತು. ಎರಡು ಬೆಲ್ಲಿಗೆ ನಿಂತ ಕರೆ ಡಬ್ಬಿಯ ಪಾಲಿಗೆ ಕರೆಯೇ ಅಲ್ಲ. ನರ್ಸು ಬೆಲ್ಲು ಕೊಟ್ಟಿದ್ದರು. ಅಣ್ಣ ಕಂಡದ್ದೂ ನಿಜ, ನನ್ನ ಹಾಳೆಯೂ ಸುಳ್ಳು ಹೇಳಿರಲಿಲ್ಲ. ಅದಕ್ಕೆ ತಿಳಿದೇ ಇರಲಿಲ್ಲ.

ಆ ಸಂಜೆಯೇ ಸೆಕ್ರೆಟರಿಯವರ ಎದುರು ಕೂತು, ನನ್ನ ಹೇಳಿಕೆ ತಪ್ಪು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸಹಿ ಮಾಡೀರಲ್ಲ.”

“ಮಾಡೇನ್ರಿ. ಇನ್ನೊಂದು ಬರದು ಅದಕ್ಕೂ ಮಾಡ್ತೇನಿ.”

“ಯಾರ ತಪ್ಪು ಅಂತ ಬರೀತೀರಿ?”

ಆ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಅಥವಾ ತಯಾರಿದ್ದೆ. ನಾನು ಬರೆದದ್ದು ಇದು: ‘ಗೇಟ್‌ವೇ ಯಂತ್ರವು ಕಾರ್ಖಾನೆಯಿಂದ ಬಂದ ಮೂಲ ಸೆಟ್ಟಿಂಗಿನ ಪ್ರಕಾರ ಎರಡು ಬೆಲ್ಲಿನವರೆಗೆ ಕರೆಯನ್ನು ದಾಖಲಿಸುವುದಿಲ್ಲ. ಶಿರಹಟ್ಟಿ ಕೇಂದ್ರದ ನರ್ಸು ರೂಢಿಯ ಪ್ರಕಾರ ಸೂಚನೆ ಕೊಟ್ಟಿದ್ದಾರೆ. ಇದರಲ್ಲಿ ಯಾವ ವ್ಯಕ್ತಿಯ ಲೋಪವೂ ಇಲ್ಲ.’ ಬರೆಯುವಾಗ ನನಗೆ ಅದು ನಿಜವೆನಿಸಿತ್ತು. ಆ ಅಂಕಿಯನ್ನು ಮುಟ್ಟಿದ ನೆನಪು ನನಗಿರಲಿಲ್ಲ. ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

ಶನಿವಾರ ಸಮಿತಿ ನರ್ಸನ್ನು ಉಳಿಸಿಕೊಂಡಿತು. ಆಪರೇಟರನ್ನು ರೆಕಾರ್ಡು ಕೋಣೆಯಿಂದ ಕರೆದು, ಮೂರು ಕೇಂದ್ರಗಳ ಲೈನುಗಳಿಗೆ ಒಂದೊಂದು ಹಳೆಯ ಗಂಟೆಯ ಫೋನು ಕೊಟ್ಟು ಕೂರಿಸಿದರು. ಆ ಜೋಡಣೆಯನ್ನು ನಾನೇ ಮಾಡಿದೆ. ಡಬ್ಬಿಗೆ ಹೋಗುವ ಮೊದಲೇ ತಂತಿಯನ್ನು ಕವಲೊಡೆಸಿ ಗಂಟೆಗೆ ಕೊಟ್ಟೆ. ಹತ್ತು ನಿಮಿಷದ ಕೆಲಸ.

ಹುಬ್ಬಳ್ಳಿಗೆ ಹೊರಡುವ ದಿನ ನರ್ಸು ಸಂಬಳದ ಕಾಗದಕ್ಕೆಂದು ಬೆಟಗೇರಿಗೆ ಬಂದಿದ್ದರು. ಆಪರೇಟರಿನ ಮೇಜಿನ ಹತ್ತಿರ ನಿಂತಿದ್ದರು. ಅವರಿಬ್ಬರೂ ಎದುರುಬದುರು ಕಂಡದ್ದು ಅದೇ ಮೊದಲಂತೆ. ಆಪರೇಟರ್, ನೀವು ಇಷ್ಟ ಗಿಡ್ಡ ಇದ್ದೀರಿ ಅಂತ ನಾ ಅನ್ಕೊಂಡಿರಲಿಲ್ಲ ಎಂದು ನಗಾಡುತ್ತಿದ್ದರು. ನನ್ನನ್ನು ಕಂಡು ನರ್ಸು ಈಚೆ ಬಂದರು.

“ನೀವು ಬಂದು ಬೆಲ್ ಕೊಟ್ಟ ನೋಡಿದ್ರಂತ, ಆಯಾ ಹೇಳಿದ್ಲು. ದೊಡ್ಡ ಉಪಕಾರ ಆತ್ರಿ.”

ನಾನು ಚೀಲ ಹೆಗಲಿಗೇರಿಸಿಕೊಂಡೆ.

“ಆ ಹುಡಿಗಿ ಮನಿಗೆ ಹೋಗಿದ್ದೆ ಮೊನ್ನೆ. ಒಳಗ ಕರದ್ರು. ಡಬ್ಬಿದ ತಪ್ಪಂತ ಹೇಳೇನಿ. ಅದು ಭಾಳ ಚಲೋ ಆತು ನೋಡ್ರಿ. ಮನಷ್ಯಾರ ಮ್ಯಾಲೆ ಬಂದಿದ್ರ ಅವ್ರು ಜಲ್ಮ ಇರೂತನಕ ಅದನ್ನs ಹಿಡಕೊಂಡ ಕುಂಡರತಿದ್ರು. ಡಬ್ಬಿಗೆ ಯಾರು ಬೈತಾರ್ರಿ?”

ಹೌದು ಎಂದೆ. ಬಸ್ಸಿನ ಹೊತ್ತಾಗಿತ್ತು.

ಆರು ತಿಂಗಳಿನ ಮೇಲೆ ಬೇರೊಂದು ಊರಿನ ಕೆಲಸಕ್ಕೆ ಅದೇ ತಯಾರಕರ, ಅದೇ ಮಾದರಿಯ ಹೊಸ ಗೇಟ್‌ವೇ ಬಂತು. ಪೆಟ್ಟಿಗೆಯ ಮೇಲಿನ ಅಂಟುಪಟ್ಟಿ ಒಡೆದಿರಲಿಲ್ಲ. ಒಡೆದು, ಪ್ಲಗ್ಗಿಗೆ ಹಾಕಿ, ಬೇರೆ ಏನನ್ನೂ ಮುಟ್ಟುವ ಮೊದಲು ಆ ಒಂದು ಪುಟ ತೆರೆದು ನೋಡಿದೆ. ಕೈಪಿಡಿಯಲ್ಲೂ ನೋಡಿದೆ. ಎರಡೂ ಕಡೆ ಒಂದೇ ಉತ್ತರವಿತ್ತು. ಕಾರ್ಖಾನೆಯಿಂದ ಬರುವಾಗ ಡಬ್ಬಿ ಕಾಯುವುದು ಒಂದು ಬೆಲ್ಲು.